ಒಂದೂವರೆಯ ಬಿಸಿಲು

ನಮ್ಮ ಕಡೆ ಏಪ್ರಿಲ್ ಬಂತೆಂದರೆ ಸರ್ಕಾರಿ ಕಚೇರಿಗಳ ಹೊತ್ತು ಬದಲಾಗುತ್ತದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜತೆಗೆ ವಿಜಯಪುರ, ಬಾಗಲಕೋಟೆಗಳಲ್ಲಿ, ಏಪ್ರಿಲ್ ಮತ್ತು ಮೇ ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ. ಬಿಸಿಲಿಗೆ ಹೆದರಿ ಮಾಡಿದ ಏರ್ಪಾಡು, ಒಳ್ಳೆಯದೇ. ಆದರೆ ಆದೇಶ ಬರೆದವರು ಗುಮಾಸ್ತ ಮನೆಗೆ ಹೋಗುವ ಬಗೆಯನ್ನು ಯೋಚಿಸಿದಂತಿಲ್ಲ. ಫ್ಯಾನಿನ ಕೆಳಗಿದ್ದವನನ್ನು ಎಬ್ಬಿಸಿ, ರಾಯಚೂರು ಜಿಲ್ಲೆಯ ಸೂರ್ಯ ನೆತ್ತಿಯಿಂದ ಇನ್ನೂ ಇಳಿಯದ ಹೊತ್ತಿಗೆ ಸರಿಯಾಗಿ, ಡಾಂಬರು ರಸ್ತೆಗೆ ಬಿಡುತ್ತಾರೆ. ಹಾಗೆ ಬಿಡಿಸಿಕೊಂಡವರಲ್ಲಿ ನಾನೂ ಒಬ್ಬ. ಸಿಂಧನೂರಲ್ಲಿ ಕಚೇರಿ, ಮುಕ್ಕುಂದದಲ್ಲಿ ಮನೆ, ನಡುವೆ ಒಂದು ಹಳೇ ನೂರು ಸಿಸಿ ಗಾಡಿ.

ಆ ಗಾಡಿ ಒಂದು ಬೇಸಿಗೆ ನನ್ನನ್ನು ಅಳಿಸಿತು. ಮುಂಜಾನೆ ಏಳಕ್ಕೆ ಮುಕ್ಕುಂದ ಬಿಟ್ಟರೆ ಸಿಂಧನೂರಿನವರೆಗೆ ಗುರ್ ಎನ್ನದೆ ಬರುತ್ತಿತ್ತು. ಮಧ್ಯಾಹ್ನ ತಿರುಗಿ ಹೋಗುವಾಗ ಅರ್ಧ ದಾರಿಯಲ್ಲಿ ಮೊದಲು ಪಿಕಪ್ ಬೀಳುತ್ತಿತ್ತು, ಆಮೇಲೆ ಮಿಸ್ಸಿಂಗ್ ಹೊಡೆಯುತ್ತಿತ್ತು, ಕೊನೆಗೆ ಕೆಮ್ಮಿ ಕೆಮ್ಮಿ ನಿಂತೇಬಿಡುತ್ತಿತ್ತು. ಹತ್ತಾರು ಕಿಕ್ ಹೊಡೆದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಕಾಲುವೆಯ ಏರಿ ಮೇಲೆ ಜಾಲಿಗಿಡದ ನೆರಳು. ನೆರಳು ಅಂದರೆ ಅದಕ್ಕೂ ತೂತು. ಅಲ್ಲಿ ಗಾಡಿ ನಿಲ್ಲಿಸಿ, ತಲೆಗೆ ಕಟ್ಟಿದ ಟವೆಲನ್ನು ಬಾಟಲಿ ನೀರಲ್ಲಿ ನೆನೆಸಿ ಇಂಜಿನ್ ಮೇಲೆ ಹಾಕುತ್ತಿದ್ದೆ. ಚುಸ್ಸೆಂದು ಹಬೆ ಏಳುತ್ತಿತ್ತು. ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗೇ ಇಲ್ಲವೆಂಬಂತೆ ಶುರು. ಐದಾರು ಕಿಲೋಮೀಟರ್ ಹೋದಮೇಲೆ ಮತ್ತೆ ಅದೇ ಆಟ.

ಕಾರಣ ಹುಡುಕಲು ಬುದ್ಧಿವಂತಿಕೆ ಏನೂ ಬೇಕಾಗಿರಲಿಲ್ಲ. ಮುಂಜಾನೆ ತಂಪು, ಗಾಡಿ ಓಡುತ್ತದೆ. ಮಧ್ಯಾಹ್ನ ಧಗೆ, ಗಾಡಿ ನಿಲ್ಲುತ್ತದೆ. ನೀರುಬಟ್ಟೆ ಹಾಕಿದರೆ ಆರುತ್ತದೆ, ಮತ್ತೆ ಓಡುತ್ತದೆ. ಇಂಜಿನ್ ಗರಂ ಆಗುತ್ತಿದೆ, ಮುಗಿಯಿತು. ಊರಲ್ಲಿ ಯಾರನ್ನು ಕೇಳಿದರೂ ಅದೇ ಮಾತು. ಬಿಸಿಲಿನ ಮೇಲೆ ಹೊರಿಸಿದ ದೂರನ್ನು ನಮ್ಮ ಸೀಮೆಯಲ್ಲಿ ಯಾರೂ ಅಡ್ಡಪ್ರಶ್ನೆ ಕೇಳುವುದಿಲ್ಲ. ಮಗ ಫೇಲಾದರೆ ಬಿಸಿಲು, ಗಂಡ ಹೆಂಡತಿ ಜಗಳಾಡಿದರೆ ಬಿಸಿಲು, ಕಡತ ಮುಂದೆ ಹೋಗದಿದ್ದರೂ ಬಿಸಿಲು.

ಸಿಂಧನೂರಿನ ಮಿಸ್ತ್ರಿ ಒಬ್ಬರ ಹತ್ತಿರ ಗಾಡಿ ಬಿಟ್ಟೆ. ಅರವತ್ತು ದಾಟಿದ ಮನುಷ್ಯ, ಎಲ್ಲರಿಗೂ ಚಾಚಾ. ಮೈಸೂರಲ್ಲಿ ಯೆಜ್ಡಿ ತಯಾರಾಗುತ್ತಿದ್ದ ಕಾಲದಿಂದ ಸ್ಪ್ಯಾನರ್ ಹಿಡಿದವರು. ಅವರು ಮುಂಜಾನೆ ಗಾಡಿ ಓಡಿಸಿ ನೋಡಿದರು, ಚೆನ್ನಾಗಿತ್ತು. ನನ್ನ ಮಾತು ನಂಬಿ ಪ್ಲಗ್ ಬದಲಿಸಿದರು. ಅವತ್ತು ಮಧ್ಯಾಹ್ನ ಗಾಡಿ ಎಲ್ಲೂ ನಿಲ್ಲದೆ ಮನೆ ಮುಟ್ಟಿತು. ಮರುದಿನ ಮತ್ತೆ ಜಾಲಿಗಿಡ. ಇನ್ನೊಮ್ಮೆ ಬಿಟ್ಟೆ, ಕಾಯಿಲ್ ಬದಲಾಯಿತು. ಅವತ್ತೂ ಸರಿ, ಮರುದಿನ ಮತ್ತೆ ಅದೇ. ಮೂರನೇ ಸಲ ಕಾರ್ಬೊರೇಟರ್ ಬಿಚ್ಚಿ ತೊಳೆದರು. ಬಿಟ್ಟ ದಿನ ಸರಿ, ಮರುದಿನ ಇಲ್ಲ.

ಇಲ್ಲಿ ನನ್ನ ಮನಸ್ಸು ಮಾಡಿದ ಕೆಲಸವನ್ನು ಮುಚ್ಚಿಡದೆ ಹೇಳಬೇಕು. ಒಂದೇ ದಿನ ಬಾಳುವ ರಿಪೇರಿಯನ್ನು ಈ ಮುದುಕ ಬೇಕೆಂದೇ ಮಾಡುತ್ತಿದ್ದಾನೆ ಎಂದುಕೊಂಡೆ. ಗಿರಾಕಿ ಕೈಬಿಟ್ಟು ಹೋಗದ ಹಾಗೆ ಅದೇನೋ ಕೈಚಳಕ. ಅದಕ್ಕೂ ಮೊದಲು ಪೆಟ್ರೋಲ್ ಬಂಕಿನವನ ಮೇಲೆ ಅನುಮಾನ ಹೋಗಿತ್ತು. ಕಲಬೆರಕೆ ಹಾಕುತ್ತಾನೆಂದು ಕಚೇರಿಯಲ್ಲಿ ನಾಲ್ಕು ಜನರ ಮುಂದೆ ಹೇಳಿಯೂ ಇದ್ದೆ. ಅದೂ ಸಾಲದೆ ಈಗ ಪೆಟ್ರೋಲಿಗೆ ಸೇರಿಸುವ 20 ಪ್ರತಿಶತ ಎಥನಾಲನ್ನೂ ಬಯ್ದಿದ್ದೆ. ಆ ಬಂಕಿನವನ ಮುಖ ಕೂಡ ನನಗೆ ಸರಿಯಾಗಿ ಗೊತ್ತಿಲ್ಲ. ಇಷ್ಟು ಜನ ಅಪರಾಧಿಗಳಾದಮೇಲೂ ಗಾಡಿ ನಿಲ್ಲುವುದು ನಿಲ್ಲಲಿಲ್ಲ.

ಬಿಸಿಲಿಗೆ ಗಾಡಿ ಕೆಡುವುದೇ ಇಲ್ಲವೆಂದಲ್ಲ. ಚಾಚಾನ ಕಟ್ಟೆಯ ಮೇಲೆ ಕೂತು ಆ ಬೇಸಿಗೆಯಲ್ಲಿ ನಾನು ಕಲಿತದ್ದು ಕಡಿಮೆಯೇನಲ್ಲ. ಗಾಳಿ ಕಾದರೆ ಹಿಗ್ಗುತ್ತದೆ, ತೆಳ್ಳಗಾಗುತ್ತದೆ. 25 ಡಿಗ್ರಿಯ ಮುಂಜಾನೆಗಿಂತ 43 ಡಿಗ್ರಿಯ ಮಧ್ಯಾಹ್ನ ಅದೇ ಸಿಲಿಂಡರಿನೊಳಗೆ ಹೋಗುವ ಗಾಳಿ ನೂರಕ್ಕೆ ಆರರಷ್ಟು ಕಡಿಮೆ. ಕಾರ್ಬೊರೇಟರ್ ಗಾಡಿಗೆ ಅದು ತಿಳಿಯುವುದಿಲ್ಲ, ಹೆಚ್ಚುಕಡಿಮೆ ಮುಂಜಾನೆಯ ಲೆಕ್ಕದಲ್ಲೇ ಪೆಟ್ರೋಲ್ ಸುರಿಯುತ್ತದೆ. ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಪ್ಲಗ್ಗಿನ ಮೂತಿ ಮಸಿಯಾಗುತ್ತದೆ, ಗಾಡಿ ಮಂಕಾಗುತ್ತದೆ. ಅದರ ಮೇಲೆ ಏರ್ ಫಿಲ್ಟರಿನಲ್ಲಿ ನಮ್ಮ ಎರೆಭೂಮಿಯ ಧೂಳು, ಸುಗ್ಗಿಯಾದರೆ ಭತ್ತದ ಹೊಟ್ಟಿನ ಪುಡಿ. ಹಾಯುವ ಗಾಳಿಯಿಂದಲೇ ತಣಿಯುವ ಇಂಜಿನ್ನಿಗೆ ಸುತ್ತ ರೆಕ್ಕೆಗಳಿರುತ್ತವೆ. ಗದ್ದೆಯ ಕೆಸರು ಹಾರಿ ಆ ರೆಕ್ಕೆಗಳ ಸಂದಿಯಲ್ಲಿ ಒಣಗಿ ಇಟ್ಟಿಗೆಯಾಗಿ ಕೂತಿದ್ದರೆ ಗಾಳಿ ಆಡುವುದೆಲ್ಲಿ? ಚಾಚಾ ಸೈಕಲ್ ಕಡ್ಡಿಯಿಂದ ಆ ಕೆಸರನ್ನು ಕೆದರಿ ತೆಗೆಯುವಾಗ ಹಲ್ಲು ಸಂದಿ ಕ್ಲೀನು ಮಾಡುವವರಂತೆ ಕಾಣುತ್ತಿದ್ದರು. ಆಯಿಲ್ ಹಳತಾಗಿ ಮಟ್ಟ ಇಳಿದಿದ್ದರೆ ಕಾವಿಗೆ ಇನ್ನಷ್ಟು ನೀರಾಗುತ್ತದೆ. ಟ್ಯಾಪೆಟ್ ಸಂದು ಬರೇ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಬಿಗಿಯಾಗಿದ್ದರೆ, ಕಾದು ಉದ್ದವಾದ ವಾಲ್ವು ಪೂರ್ತಿ ಮುಚ್ಚದೆ ಗಾಡಿ ಬಲ ಕಳೆದುಕೊಳ್ಳುತ್ತದೆ. ಕಾಯಿಲ್ಲಿನದು ಇನ್ನೂ ವಿಚಿತ್ರ. ಒಳಗಿನ ಕೂದಲೆಳೆಯ ತಂತಿ ಎಲ್ಲೋ ಬಿರಿದಿದ್ದರೆ ತಂಪಿನಲ್ಲಿ ಕೂಡಿಕೊಂಡು ಕಿಡಿ ಕೊಡುತ್ತದೆ, ಕಾದಾಗ ಬಿಟ್ಟುಕೊಂಡು ಸುಮ್ಮನಾಗುತ್ತದೆ. ಆರಿಸಿ ನೋಡಿದರೆ ಮತ್ತೆ ಸರಿ.

ಈ ಕೊನೆಯ ರೋಗಗಳಿಗೆ ಚಾಚಾ ಒಂದು ಮಾತು ಹೇಳುತ್ತಿದ್ದರು: "ಇವು ದವಾಖಾನಿಗೆ ಬಂದ ಕೂಡ್ಲೆ ಆರಾಮಾಗೋ ರೋಗ." ಮಿಸ್ತ್ರಿಯ ಮುಂದೆ ಗಾಡಿ ತಣ್ಣಗೆ ನಿಂತಿರುತ್ತದೆ. ತಪ್ಪು ರಸ್ತೆಯ ಮೇಲೆ ಉಳಿದಿರುತ್ತದೆ.

ನಾಲ್ಕನೇ ಸಲ ಹೋದಾಗ ನನ್ನ ಮುಖ ನೋಡಿಯೇ ಅವರಿಗೆ ತಿಳಿದಿರಬೇಕು. ಸ್ಪ್ಯಾನರ್ ಮುಟ್ಟಲಿಲ್ಲ. "ನಾಳೆ ಒಂದೂವರಿಗಿ ನಿಮ್ ಆಫೀಸಿನ ಹತ್ರ ನಾನs ಬರ್ತೀನ್ರಿ ಸರ. ಗಾಡಿ ನೀವs ಹೊಡೀರಿ, ನಾ ಹಿಂದ ಕೂಡ್ತೀನಿ. ದಿನಾ ಏನೇನ್ ಮಾಡ್ತೀರಿ, ಅದನ್ನs ಮಾಡ್ರಿ. ಒಂದೂ ಬಿಡಬ್ಯಾಡ್ರಿ."

ಬಂದರು. ಹಿಂದೆ ಕೂತರು. ಸುಮ್ಮನೆ ಬಿಸಿಲಲ್ಲಿ ಒಬ್ಬ ವಯಸ್ಸಾದವರನ್ನು ಕರೆದೊಯ್ಯುತ್ತಿದ್ದೇನೆಂಬ ನಾಚಿಕೆ ನನಗೆ. ರಸ್ತೆಯ ಎರಡೂ ಕಡೆ ಕೊಯ್ಲಾದ ಭತ್ತದ ಗದ್ದೆಗಳು, ಕೂಳೆಯ ಮೇಲೆ ಝಳ ನೀರಿನಂತೆ ಕುಣಿಯುತ್ತಿತ್ತು. ಸರಿಯಾಗಿ ಅದೇ ಏರಿಯ ಹತ್ತಿರ ಗಾಡಿ ಕೆಮ್ಮಿತು, ನಿಂತಿತು. ನಾನು ಟವೆಲ್ ಬಿಚ್ಚಿದೆ.

"ಬಟ್ಟಿ ಬ್ಯಾಡ. ಮದ್ಲ ಟಾಕಿ ಮುಚ್ಚಳ ತಗೀರಿ."

ಕೀಲಿ ಹಾಕಿ ತಿರುವಿದೆ. ಬಾಯಿ ಬಿಡಿಸಿಕೊಂಡ ಹಾಗೆ ಒಳಕ್ಕೆ ಗಾಳಿ ಎಳೆದುಕೊಂಡು, ಉಸ್ಸೆಂದು ಒಂದು ಸದ್ದು. ಚಾಚಾ ಕೈಯಲ್ಲೇ ಸನ್ನೆ ಮಾಡಿದರು, ಕಿಕ್ ಹೊಡೆದೆ. ಒಂದೇ ಕಿಕ್ಕಿಗೆ ಶುರು. ಇಂಜಿನ್ ಮುಟ್ಟಿದರೆ ಕೈ ಸುಡುತ್ತಿತ್ತು, ಒಂದು ಹನಿ ನೀರೂ ಬಿದ್ದಿರಲಿಲ್ಲ, ಆದರೂ ಶುರು. ಮುಚ್ಚಳದ ಒಳಬದಿ ನೋಡಿದರು. ಅಲ್ಲಿ ದುಂಡಗೆ ಕತ್ತರಿಸಿದ ಹಾಲಿನ ಪಾಕೀಟಿನ ತುಂಡೊಂದು ಅಂಟಿಕೊಂಡಿತ್ತು, ಅಕ್ಷರದ ಕಡೆ ಕೆಳಗೆ.

ಅದನ್ನು ಹಾಕಿದವನು ನಾನು. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿದೆ. ಕಚೇರಿಯ ಮುಂದೆ ಬಯಲಲ್ಲಿ ನಿಂತ ಗಾಡಿಯ ಸುತ್ತ ಮಧ್ಯಾಹ್ನ ಪೆಟ್ರೋಲ್ ವಾಸನೆ. ಆವಿಯಾಗಿ ಹೋಗುತ್ತಿದೆಯಲ್ಲ ಎಂಬ ಸಂಕಟ. ಹಾಲಿನ ಪಾಕೀಟು ಕತ್ತರಿಸಿ, ಮುಂಜಾನೆ ಕಚೇರಿ ಮುಟ್ಟಿದ ಕೂಡಲೆ ಮುಚ್ಚಳದ ಕೆಳಗೆ ಇಟ್ಟು ಬಿಗಿ ಮಾಡುತ್ತಿದ್ದೆ. ಸಂಜೆ ಮನೆಯಲ್ಲಿ ಪೆಟ್ರೋಲ್ ಎಷ್ಟಿದೆ ನೋಡುವಾಗ ತೆಗೆದು, ಒರೆಸಿ, ಅಂಗಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಹಾಗಾಗಿ ಮುಂಜಾನೆ ಮುಚ್ಚಳ ಬರಿದು, ಮಧ್ಯಾಹ್ನ ಪಾಕೀಟು. ಗಾಡಿಯನ್ನು ಚಾಚಾನ ಅಂಗಡಿಯಲ್ಲಿ ಬಿಟ್ಟ ದಿನ ಬಿಸಿಲಿಗೆ ನಿಲ್ಲಿಸುವ ಪ್ರಸಂಗವೇ ಇಲ್ಲ, ಪಾಕೀಟು ಜೇಬಿನಲ್ಲೇ. ಅವತ್ತು ಗಾಡಿ ಸರಿ.

ಟಾಕಿಯಿಂದ ಪೆಟ್ರೋಲ್ ತನ್ನ ಭಾರಕ್ಕೇ ಕಾರ್ಬೊರೇಟರಿಗೆ ಇಳಿಯುತ್ತದೆ. ಇಳಿದಷ್ಟು ಜಾಗಕ್ಕೆ ಮೇಲಿಂದ ಗಾಳಿ ಹೋಗಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಸಣ್ಣದೊಂದು ದಾರಿ ಬಿಟ್ಟಿರುತ್ತಾರೆ. ಅದು ಮುಚ್ಚಿದರೆ ಒಳಗೆ ನಿರ್ವಾತ ಕಟ್ಟುತ್ತದೆ, ಪೆಟ್ರೋಲ್ ತೂಗುಬಿದ್ದು ಕೆಳಗಿಳಿಯದೆ ಗಾಡಿ ನಿಲ್ಲುತ್ತದೆ. ಹತ್ತು ನಿಮಿಷದಲ್ಲಿ ಎಲ್ಲಿಂದಲೋ ಗಾಳಿ ನುಸುಳಿ ಸಮವಾಗುತ್ತದೆ. ಕಿಕ್ ಹೊಡೆದರೆ ಶುರು. ನಾನು ಇದನ್ನು ಇಂಜಿನ್ ಆರಿತು ಎಂದು ಓದಿಕೊಂಡಿದ್ದೆ.

ಆ ನೀರುಬಟ್ಟೆಯ ಬಗ್ಗೆ ಎಷ್ಟು ಯೋಚಿಸಿದರೂ ನನಗೆ ಸಾಲದು. ಅದು ಕೆಲಸ ಮಾಡುತ್ತಿತ್ತು. ಪ್ರತಿಸಲವೂ. ವಾಸಿ ಮಾಡಿದ್ದು ಹತ್ತು ನಿಮಿಷದ ಕಾಯುವಿಕೆ, ಹೆಸರು ಬಂದದ್ದು ಬಟ್ಟೆಗೆ. ಸುಳ್ಳು ಔಷಧ ಫಲಿಸಿದರೆ ಸುಳ್ಳು ಕಾರಣ ಇನ್ನಷ್ಟು ಗಟ್ಟಿಯಾಗುತ್ತದೆ. ಬಟ್ಟೆ ಒಂದು ಸಲವಾದರೂ ಕೈಕೊಟ್ಟಿದ್ದರೆ ನಾನು ಬೇರೆ ಕಡೆ ನೋಡುತ್ತಿದ್ದೆನೇನೋ. ಕಾದ ಲೋಹಕ್ಕೆ ತಣ್ಣೀರು ತಾಗಿಸಿದರೆ ಬಿರುಕು ಬಿಡುವ ಭಯವೂ ಇದೆಯೆಂದು ಚಾಚಾ ಆಮೇಲೆ ಹೇಳಿದರು. ರೋಗವಿಲ್ಲದ ಕಡೆ ಔಷಧ ಹಚ್ಚಿ, ಅಲ್ಲೊಂದು ರೋಗ ಹುಟ್ಟಿಸುವುದರಲ್ಲಿದ್ದೆ.

ಏರಿಯ ಮೇಲೆ ನಿಂತು ಅವರು ಕೇಳಿದ್ದು ಒಂದೇ: "ಸರ, ಇದನ್ನ ನನಗ ಯಾಕ ಹೇಳ್ಲಿಲ್ರಿ?"

ಸಿಟ್ಟಿರಲಿಲ್ಲ, ನಗೆಯೂ ಇರಲಿಲ್ಲ. ನಾನು ಹೇಳಿದೆ, "ಹೇಳೋ ವಿಷಯ ಅಂತ ಅನಿಸ್ಲಿಲ್ಲ ಚಾಚಾ."

ಅದು ನಿಜವೇ. ಗಾಡಿ ಎಲ್ಲಿ ನಿಂತಿತು, ಎಷ್ಟು ಕಿಕ್ ಹೊಡೆದೆ, ಎಷ್ಟು ದುಡ್ಡು ಹೋಯಿತು, ಎಲ್ಲ ಹೇಳಿದ್ದೆ. ನಾನು ಮಾಡಿದ್ದು ಮಾತ್ರ ಕಥೆಯೊಳಗೆ ಬಂದಿರಲಿಲ್ಲ. ಮುಚ್ಚಿಟ್ಟಿದ್ದೆನೆಂದರೆ ತಪ್ಪಾಗುತ್ತದೆ, ಅದು ನನ್ನ ಕಣ್ಣಿಗೆ ಸಂಗತಿಯಾಗಿಯೇ ಬಿದ್ದಿರಲಿಲ್ಲ. ನನ್ನ ದೂರುಗಳಲ್ಲೆಲ್ಲ ನಾನು ಬರೀ ನೋಡುತ್ತ ನಿಂತವನು.

ಮಸ್ಕಿಯ ಗುಡ್ಡದಲ್ಲಿರುವ ಬಂಡೆ ನೆನಪಾಗುತ್ತದೆ. 1915ರಲ್ಲಿ ಚಿನ್ನದ ಗಣಿಗಾರಿಕೆಯ ಎಂಜಿನಿಯರ್ ಸಿ. ಬೀಡನ್ ಕಂಡ ಅಶೋಕನ ಕಿರುಶಾಸನ. ದೇವಾನಾಂಪ್ರಿಯನೆಂಬವನು ಅಶೋಕನೇ ಎಂದು ಲೋಕಕ್ಕೆ ಖಾತ್ರಿಯಾದದ್ದು ಅದರಲ್ಲಿರುವ ಹೆಸರಿನಿಂದ. ನಮ್ಮ ಶಾಲೆಯ ಮೇಷ್ಟ್ರು ಪರೀಕ್ಷೆಗೆಂದು ಅಷ್ಟನ್ನೇ ಕಲಿಸಿದ್ದರು. ದೊಡ್ಡವನಾದಮೇಲೆ ತಿಳಿದದ್ದು ಬೇರೆ. ಕೊಪ್ಪಳದಲ್ಲೂ, ಹೊಳೆಯಾಚೆ ಸಿರುಗುಪ್ಪ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲೂ ಪ್ರತಿಗಳಿರುವ ಈ ಕಿರುಶಾಸನದ ಒಕ್ಕಣೆಯಲ್ಲಿ ರಾಜ, ತಾನು ಉಪಾಸಕನಾದ ಮೇಲೂ ಒಂದು ವರ್ಷ ಹೆಚ್ಚು ಪ್ರಯತ್ನ ಮಾಡಲಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ರಾಜರು ಕಲ್ಲಿನಲ್ಲಿ ಕೆತ್ತಿಸುವುದು ಗೆದ್ದ ಯುದ್ಧ, ಕೊಟ್ಟ ದಾನ. ಇವನು ತನ್ನ ಸೋಮಾರಿತನವನ್ನು ಕೆತ್ತಿಸಿದ. ಮಂತ್ರಿಗಳ ಮೇಲೆ ಹಾಕಬಹುದಿತ್ತು. ದಖ್ಖನಿನ ಬಿಸಿಲಿನ ಮೇಲೂ ಹಾಕಬಹುದಿತ್ತು, ಆ ಬಂಡೆ ಮುಟ್ಟಿ ನೋಡಿದವರು ಬೇಡವೆನ್ನುತ್ತಿರಲಿಲ್ಲ.

ಇಷ್ಟಕ್ಕೆ ನಿಲ್ಲಿಸಿದ್ದರೆ ಇದು ಒಂದು ಹಾಲಿನ ಪಾಕೀಟಿನ ಕಥೆಯಾಗಿ, ಕಚೇರಿಯಲ್ಲಿ ಹೇಳಿ ನಗಿಸುವುದಕ್ಕೆ ಸಾಕಾಗುತ್ತಿತ್ತು. ಹೇಳಿ ನಗಿಸಿಯೂ ಇದ್ದೇನೆ. ಆದರೆ ಕಚೇರಿಯಲ್ಲಿ ಹೇಳದ್ದು ಒಂದಿದೆ.

ಆ ಬೇಸಿಗೆಯಲ್ಲೇ ನನ್ನ ಟೇಬಲ್ಲಿಗೆ ಒಬ್ಬ ಹಿರಿಯರು ಬರುತ್ತಿದ್ದರು. ಪಹಣಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು. ಒಂದು ಕೊಂಬಿನ, ಒಂದು ದೀರ್ಘದ ವ್ಯತ್ಯಾಸ. ಅದಕ್ಕಾಗಿ ಅವರಿಗೆ ಬರಬೇಕಾದ ದುಡ್ಡು ನಿಂತಿತ್ತು. ಮೂರು ಸಲ ಬಂದರು. ಮೂರೂ ಸಲ ಅವರ ಪಾಳಿ ಬರುವಷ್ಟರಲ್ಲಿ ಒಂದು ಗಂಟೆಯ ಮೇಲಾಗಿರುತ್ತಿತ್ತು. ಮೂರನೇ ಸಲ ಚೀರಿದರು. ನನ್ನನ್ನು, ನನ್ನ ಕುರ್ಚಿಯನ್ನು, ನನ್ನ ಮನೆತನವನ್ನು ಸೇರಿಸಿ ಬಯ್ದರು. ಕೈ ನಡುಗುತ್ತಿತ್ತು, ತುಟಿ ಬಿಳಿಚಿತ್ತು. ನಾನು ಫ್ಯಾನಿನ ಕೆಳಗೆ ಕೂತು ಬಹಳ ಶಾಂತವಾಗಿ ಹೇಳಿದೆ, "ಯಾಕ್ರಿ ಯಜಮಾನ್ರ ಚೀರ್ತೀರಿ? ಹಿಂಗ ಮಾತಾಡೋರ ಕೆಲಸ ಇಲ್ಲಿ ಆಗಂಗಿಲ್ಲ. ನಾಳೆ ಮುಂಜಾನಿ ಎಂಟಕ್ಕ ಬರ್ರಿ, ತಣ್ಣಗ ಕೂತು ಮಾತಾಡೋಣು." ಅವರು ಹೋದಮೇಲೆ ಪಕ್ಕದ ಟೇಬಲ್ಲಿನವರು, "ಸಿಟ್ಟಿನ್ಯಾಗ ಮನುಷ್ಯಾನ ಖರೇ ಬಣ್ಣ ಹೊರಗ ಬೀಳತದ ನೋಡ್ರಿ," ಅಂದರು. ನಾನು ಹೌದೆಂದು ತಲೆಯಾಡಿಸಿದೆ. ನನ್ನ ಶಾಂತಿಯ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು.

ಈಗ ಆ ಮಾತನ್ನು ಒಪ್ಪಲಾರೆ. 44 ಡಿಗ್ರಿಯಲ್ಲಿ ನಿಂತು ಕಾದವನ ಮೇಲಿನ ಬಣ್ಣ ಖರೆಯದು, ಮುಂಜಾನೆ ಹೊಲದಲ್ಲಿ ಎತ್ತಿನ ಬೆನ್ನು ತಡವುತ್ತ ನಿಂತವನದು ಸುಳ್ಳು ಎಂದು ತೀರ್ಪು ಕೊಟ್ಟವರು ಯಾರು? ಎರಡೂ ಅವನೇ. ತಣ್ಣಗಿರುವಾಗ ನಡೆದದ್ದನ್ನು ಲೆಕ್ಕಕ್ಕೆ ಹಿಡಿಯದೆ, ಕಾದಾಗ ನಿಂತದ್ದನ್ನು ಮಾತ್ರ ಗುಣವೆಂದು ಬರೆದುಕೊಳ್ಳುವುದು ಯಾವ ನ್ಯಾಯ? ನನ್ನ ತಾಳ್ಮೆಯೂ ಅಷ್ಟೇ. ಅದು ನನ್ನದೋ ಫ್ಯಾನಿನದೋ ಪರೀಕ್ಷೆ ಆಗಿರಲಿಲ್ಲ. ಜಾಲಿಗಿಡದ ಕೆಳಗೆ ನಾನು ಬಂಕಿನವನನ್ನು ಬಯ್ದ ಮಾತುಗಳನ್ನು ಆ ಹಿರಿಯರ ಬಯ್ಗುಳದ ಪಕ್ಕ ಇಟ್ಟು ನೋಡಿದರೆ, ಅವರದೇ ಹೆಚ್ಚು ಸಭ್ಯವಾಗಿತ್ತು. ಅವರಿಗೆ ಕಾರಣವಾದರೂ ಇತ್ತು.

ಭಾರ ಬಿದ್ದಾಗಲೇ ಕಡಿಯುವ ಕೊಂಡಿಗಳಿವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಎಡದಂಡೆ ಕಾಲುವೆಯ ನೀರನ್ನು ನಂಬಿ ಭತ್ತ ಹಚ್ಚುವ ನಮ್ಮ ಸಿಂಧನೂರು ಸೀಮೆಯಲ್ಲಿ ಅವತ್ತು ಯಾರೂ ನೆಟ್ಟಗೆ ನಿದ್ದೆ ಮಾಡಲಿಲ್ಲ. ಕಡಿದದ್ದು ಜಲಾಶಯ ತುಂಬಿದ ಕಾಲದಲ್ಲಿ. ಬೇಸಿಗೆಯಲ್ಲಿ ಡ್ಯಾಮು ಖಾಲಿ ಇದ್ದಾಗ ಅದೇ ಸರಪಳಿ ಹಾಗೇ ತೂಗುತ್ತಿತ್ತು. ನೀರೇ ತಪ್ಪು ಮಾಡಿತೆಂದು ಮಾತ್ರ ಅವತ್ತು ಯಾರೂ ಅನ್ನಲಿಲ್ಲ. ಸರಪಳಿಯನ್ನು ಯಾರು ನೋಡಿಕೊಳ್ಳಬೇಕಿತ್ತೆಂದು ಕೇಳಿದರು. ಮನುಷ್ಯರ ವಿಷಯಕ್ಕೆ ಬಂದರೆ ಆ ಪ್ರಶ್ನೆ ನಮಗೆ ಹೊಳೆಯುವುದು ಕಡಿಮೆ.

ಚಾಚಾ ನನ್ನಿಂದ ಅವತ್ತಿನ ಕೂಲಿ ತೆಗೆದುಕೊಳ್ಳಲಿಲ್ಲ. "ಏನ್ ರಿಪೇರಿ ಮಾಡೀನಿ ಅಂತ ತಗೊಳ್ಳಿ?" ಅಂದರು. ಕಾಯಿಲ್ಲಿನ ದುಡ್ಡು ವಾಪಸ್ ಕೊಡಲು ಬಂದರು, ನಾನು ಬೇಡವೆಂದೆ. ಮನಸ್ಸಿನಲ್ಲಿ ಅವರ ಮೇಲೆ ಹೊರಿಸಿದ್ದನ್ನು ಅವರಿಗೆ ಹೇಳಲು ಬಾಯಿ ಬರಲಿಲ್ಲ. ಈಗಲೂ ಹೇಳಿಲ್ಲ. ಗಾಡಿಯ ರೆಕ್ಕೆ ಕೆದರಿಸಲು, ಆಯಿಲ್ ಬದಲಿಸಲು ಹೋದಾಗ ಒಂದು ಚಹಾ ಹೆಚ್ಚಿಗೆ ಕುಡಿಸಿ ಬರುತ್ತೇನೆ, ಅಷ್ಟೇ.

ಆ ಹಿರಿಯರು ಮರುದಿನ ಮುಂಜಾನೆ ಎಂಟಕ್ಕೆ ಬರಲಿಲ್ಲ. ಆ ವಾರವೂ ಬರಲಿಲ್ಲ. ಅವರ ಅರ್ಜಿ ನನ್ನ ಟೇಬಲ್ಲಿನ ಎಡಗಡೆಯ ಖಾನೆಯಲ್ಲಿತ್ತು. ಮಧ್ಯಾಹ್ನ ಕಚೇರಿ ಬಿಟ್ಟು, ಪಾಕೀಟಿಲ್ಲದ ಮುಚ್ಚಳದ ಗಾಡಿ ಶುರು ಮಾಡಿ, ಮುಕ್ಕುಂದದ ದಾರಿ ಹಿಡಿಯುವ ಬದಲು ಬಸ್ ಸ್ಟ್ಯಾಂಡಿಗೆ ಹೋದೆ. ಅರ್ಜಿಯಲ್ಲಿದ್ದ ಊರಿನ ಹೆಸರು ಹೇಳಿ, ಅಲ್ಲಿಂದ ಸಿಂಧನೂರಿಗೆ ಮೊದಲನೇ ಬಸ್ಸು ಎಷ್ಟಕ್ಕೆ ಎಂದು, ಚೀಟಿ ಎಣಿಸುತ್ತ ಕೂತ ಕಂಡಕ್ಟರನ್ನು ಕೇಳಿದೆ.

"ಒಂಬತ್ತೂವರಿಗ್ರಿ," ಅಂದ. ಮತ್ತೆ ತಲೆಯೆತ್ತಿ, "ಅದೂ ಬಂದ್ರ," ಅಂದ.